ಹಜಾರದಳತೆಯ ಸಂಗೀತ

ಮೂವರೇ ಕೂರುತ್ತಾರೆ. ಎಡಗಡೆ ಪಿಟೀಲು, ಬಲಗಡೆ ಚೆಲೊ, ನಡುವೆ ವಯೋಲ. ಎದುರಿಗೆ ಸ್ವರಲಿಪಿಯ ಹಾಳೆಗಳಿಟ್ಟ ಮೂರು ಸ್ಟ್ಯಾಂಡು. ತಾಳ ತೋರಿಸಲು ಯಾರೂ ನಿಂತಿರುವುದಿಲ್ಲ. ಪಿಟೀಲಿನವರು ಒಮ್ಮೆ ಉಸಿರೆಳೆದುಕೊಂಡು ತಲೆಯೆತ್ತಿದರೆ ಉಳಿದಿಬ್ಬರಿಗೂ ಅದೇ ಸನ್ನೆ. ಮೂರು ಕಮಾನುಗಳೂ ಒಟ್ಟಿಗೇ ತಂತಿಗಿಳಿಯುತ್ತವೆ. ಮೈಕು ಇಟ್ಟರೆ ಕೆಡುವ ಸಂಗೀತ ಇದು. ಕಮಾನಿನ ಕೂದಲು ತಂತಿಯನ್ನು ಹಿಡಿದುಕೊಳ್ಳುವ ಸದ್ದು, ವಾದಕರ ಉಸಿರು, ಚೆಲೊದ ಮಂದ್ರ ನೆಲದ ಮೂಲಕ ನಮ್ಮ ಪಾದಕ್ಕೆ ಬಂದು ತಾಗುವ ನಡುಕ, ಇವೆಲ್ಲ ಕೇಳಬೇಕಾದರೆ ಹತ್ತಿರ ಕೂರಬೇಕು. ಅರಮನೆಯ ಒಳಕೋಣೆಗಳಲ್ಲಿ, ವರ್ತಕರ ಮನೆಗಳ ಹಜಾರದಲ್ಲಿ ಇಪ್ಪತ್ತು ಮೂವತ್ತು ಜನ ಕೂತು ಕೇಳಲೆಂದೇ ಯುರೋಪಿನಲ್ಲಿ ಬೆಳೆದ ಚೇಂಬರ್ ಸಂಗೀತದಲ್ಲಿ ಈ ಸ್ಟ್ರಿಂಗ್ ಟ್ರಿಯೊ ತೀರಾ ಚಿಕ್ಕ ಮೇಳ, ನುಡಿಸುವುದಕ್ಕೆ ತೀರಾ ಕಷ್ಟದ ಮೇಳ.

ಮೈಸೂರಿನ ಕೃಷ್ಣಮೂರ್ತಿಪುರಂನ ಅಡ್ಡರಸ್ತೆಗಳಲ್ಲಿ ನಡೆಯುವಾಗ ನನಗೆ ಈ ಮೂವರ ಮೇಳ ಮತ್ತೆ ಮತ್ತೆ ನೆನಪಾಗುತ್ತದೆ. ಇಲ್ಲಿ ಇನ್ನೂ ಉಳಿದುಕೊಂಡಿರುವ ಹಳೆಯ ಮನೆಗಳನ್ನು ನೋಡಿ. ಮಂಗಳೂರು ಹೆಂಚು, ಜಗುಲಿ, ಬಾಗಿಲು ದಾಟಿದರೆ ಉದ್ದನೆಯ ಹಜಾರ, ಕೈಯಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಿದ ಕೆಂಪು ನೆಲ, ಎತ್ತರದ ಚಾವಣಿಯಲ್ಲಿ ಮರದ ತೊಲೆಗಳು. ಗೋಡೆ ದಪ್ಪ, ಹೊರಗಿನ ಗದ್ದಲ ಒಳಗೆ ಬರುವುದಿಲ್ಲ. ಗಟ್ಟಿ ನೆಲದಿಂದ ಪುಟಿದ ನಾದ ಮರಕ್ಕೆ ತಾಗಿ, ಒರಟು ಕಳೆದುಕೊಂಡು ಕಿವಿಗೆ ಬರುತ್ತದೆ. ವಿಯೆನ್ನಾದ ಸಂಗೀತಗಾರರು ಬಯಸುತ್ತಿದ್ದ ಕೋಣೆಯ ಗುಣಗಳೆಲ್ಲ ನಮ್ಮ ಮೇಸ್ತ್ರಿಗಳು ಕಟ್ಟಿದ ಹಜಾರದಲ್ಲಿ ಇವೆ.

ಬಡಾವಣೆಯ ಹೆಸರು ದಿವಾನ್ ಪೂರ್ಣಯ್ಯನವರ ವಂಶಸ್ಥರಾದ ಸರ್ ಪಿ.ಎನ್. ಕೃಷ್ಣಮೂರ್ತಿಯವರದು. 1901ರಿಂದ 1906ರವರೆಗೆ ಅವರು ಮೈಸೂರಿನ ದಿವಾನರು. ಪ್ಲೇಗಿನಿಂದ ನಲುಗಿದ್ದ ಊರನ್ನು ಇಕ್ಕಟ್ಟಿನ ಗಲ್ಲಿಗಳಿಂದ ಗಾಳಿ ಬೆಳಕಿನ ಕಡೆಗೆ ಬಿಡಿಸಿ ತರಬೇಕೆಂದು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹುಟ್ಟಿದ್ದು 1903ರಲ್ಲಿ, ಅವರ ಕಾಲದಲ್ಲೇ. ನೇರ ರಸ್ತೆ, ಮನೆ ಮುಂದೆ ತೋಟ, ಮನೆಯೊಳಗೆ ಹಜಾರ ಎಂಬ ಮೈಸೂರಿನ ಬಡಾವಣೆಗಳ ರೂಪ ಬೆಳೆದದ್ದು ಆ ಹೊತ್ತಿನಲ್ಲಿ. ಶಾರದಾ ವಿಲಾಸದ ಶಾಲೆ ಕಾಲೇಜುಗಳು ಬಂದವು. ಮೇಷ್ಟ್ರುಗಳು, ವಕೀಲರು, ಗುಮಾಸ್ತರು ನೆಲೆಸಿದರು. ಸಂಜೆ ಹಜಾರದಲ್ಲಿ ಚಾಪೆ ಹಾಸಿ ಮಕ್ಕಳಿಗೆ ಸರಳೆ ಜಂಟಿ ಹೇಳಿಕೊಡುವುದು ಇಂಥ ಬೀದಿಗಳ ನಿತ್ಯದ ಸದ್ದಾಯಿತು.

ನಡುವಿನ ದನಿ

ಪಿಟೀಲು ನಮಗೆ ಗೊತ್ತು. ಚೆಲೊ ಸಿನಿಮಾ ವಾದ್ಯಗೋಷ್ಠಿಯಲ್ಲಾದರೂ ಕಂಡಿರುತ್ತೇವೆ. ಅಪರಿಚಿತವಾಗಿ ಉಳಿದಿರುವುದು ವಯೋಲ. ದೂರದಿಂದ ನೋಡಿದರೆ ಪಿಟೀಲಿನಂತೆಯೇ ಕಾಣುತ್ತದೆ, ಗದ್ದದ ಕೆಳಗೇ ಹಿಡಿಯುತ್ತಾರೆ. ಪಿಟೀಲಿನ ಒಡಲು ಸುಮಾರು 36 ಸೆಂಟಿಮೀಟರ್ ಉದ್ದವಿದ್ದರೆ ವಯೋಲದ್ದು 40ರ ಆಸುಪಾಸು. ಅದರ ನಾಲ್ಕು ತಂತಿಗಳು ಪಿಟೀಲಿಗಿಂತ ಐದು ಸ್ವರ ಕೆಳಗೆ, ನಮ್ಮ ಲೆಕ್ಕದಲ್ಲಿ ಪಂಚಮದಿಂದ ಷಡ್ಜಕ್ಕೆ ಇಳಿದಷ್ಟು. ಅಷ್ಟು ತಗ್ಗಿನ ಶ್ರುತಿಗೆ ಸರಿಯಾದ ಒಡಲು ಕಟ್ಟಬೇಕೆಂದರೆ ಉದ್ದ 50 ಸೆಂಟಿಮೀಟರ್ ದಾಟಬೇಕಾಗುತ್ತದೆ. ಅಂಥದ್ದನ್ನು ಗದ್ದದ ಕೆಳಗೆ ಹಿಡಿಯಲು ತೋಳು ಸಾಲದು. ಹಾಗಾಗಿ ವಯೋಲ ತನ್ನ ಶ್ರುತಿಗೆ ಸ್ವಲ್ಪ ಚಿಕ್ಕದಾದ ಒಡಲಿನಲ್ಲೇ ಬಾಳುತ್ತದೆ. ಅದರ ದನಿಯಲ್ಲಿ ಮುಸುಕು ಹೊದ್ದಂಥ, ನೆಗಡಿಯಾದ ಹೆಂಗಸೊಬ್ಬಳು ಮೆಲ್ಲಗೆ ಹಾಡಿದಂಥ ಗುಣ ಬರುವುದು ಈ ಕೊರತೆಯಿಂದಲೇ. ಚೆಲೊ ಅದಕ್ಕೂ ಒಂದು ಸ್ಥಾಯಿ ಕೆಳಗೆ. ನೆಲಕ್ಕೆ ಮೊಳೆ ಊರಿ, ಮಂಡಿಗಳ ನಡುವೆ ನಿಲ್ಲಿಸಿ ನುಡಿಸುತ್ತಾರೆ.

ನಾಲ್ವರ ಮೇಳವಾದ ಕ್ವಾರ್ಟೆಟ್‌ನಲ್ಲಿ ಇನ್ನೊಂದು ಪಿಟೀಲು ಇರುತ್ತದೆ. ಪಾಶ್ಚಾತ್ಯ ಸಂಗೀತದ ಸ್ವರಮೇಳಕ್ಕೆ ನಾಲ್ಕು ದನಿಗಳು ಬೇಕೆಂಬುದು ರೂಢಿ. ಮೂವರಿದ್ದಾಗ ಆ ನಾಲ್ಕನೆಯ ದನಿಯನ್ನು ಯಾರಾದರೂ ಹೊರಬೇಕು. ಒಮ್ಮೆ ವಯೋಲದವರು ಒಂದೇ ಎಳೆತದಲ್ಲಿ ಎರಡು ತಂತಿ ನುಡಿಸುತ್ತಾರೆ, ಒಮ್ಮೆ ಚೆಲೊ ತಳದಿಂದ ಮೇಲಕ್ಕೆ ಹಾರಿ ಪಿಟೀಲಿನ ಪಕ್ಕ ನಿಲ್ಲುತ್ತದೆ. ನಮ್ಮ ಕಛೇರಿಯಲ್ಲಿ ಮುಖ್ಯ ಕಲಾವಿದರು ಒಬ್ಬರು, ಪಕ್ಕವಾದ್ಯದವರು ಬೇರೆ. ಇಲ್ಲಿ ಮೂವರೂ ಸರದಿಯಂತೆ ಮುಖ್ಯರಾಗುತ್ತಾರೆ, ಮೂವರೂ ಪಕ್ಕಕ್ಕೆ ಸರಿಯುತ್ತಾರೆ. ಒಬ್ಬರು ಬೆರಳು ತಪ್ಪಿದರೆ ಮುಚ್ಚಿಕೊಳ್ಳಲು ಇನ್ನೊಬ್ಬರ ನೆರಳಿಲ್ಲ.

ಈ ಪ್ರಕಾರದ ಶಿಖರ ಮೊಜಾರ್ಟ್ 1788ರಲ್ಲಿ ಬರೆದ ಡೈವರ್ಟಿಮೆಂಟೊ, ಕೃತಿಪಟ್ಟಿಯಲ್ಲಿ 563ನೆಯದು. ಅದೇ ವರ್ಷದ ಬೇಸಗೆಯಲ್ಲಿ ತನ್ನ ಕೊನೆಯ ಮೂರು ಸಿಂಫೊನಿಗಳನ್ನು ಮುಗಿಸಿದ್ದ ಆತ ಸಾಲದಲ್ಲಿ ಮುಳುಗಿದ್ದ. ಕೇಳಿದಾಗಲೆಲ್ಲ ಕೈಗಡ ಕೊಡುತ್ತಿದ್ದ ಬಟ್ಟೆ ವರ್ತಕ ಮಿತ್ರ ಪೂಕ್‌ಬೆರ್ಗ್‌ಗಾಗಿ ಬರೆದ ಕೃತಿ ಇದು. ಆರು ಭಾಗಗಳು, ಮುಕ್ಕಾಲು ಗಂಟೆಯ ಸಂಗೀತ. ನಾಲ್ಕನೆಯ ಭಾಗದಲ್ಲಿ ಹಳ್ಳಿಯ ಹಾಡಿನಂಥ ಸರಳ ಧಾಟಿಯೊಂದನ್ನು ಎತ್ತಿಕೊಂಡು ನಾನಾ ಬಗೆಯಲ್ಲಿ ಬೆಳೆಸುತ್ತಾನೆ. ಕೊನೆಯ ಸುತ್ತಿನಲ್ಲಿ ಪಿಟೀಲೂ ಚೆಲೊವೂ ಬಿರುಸಿನ ಸ್ವರಗಳಲ್ಲಿ ಧಾವಿಸುತ್ತಿರುವಾಗ ವಯೋಲ ಮಾತ್ರ ಆ ಧಾಟಿಯನ್ನು ಉದ್ದುದ್ದ ಸ್ವರಗಳಲ್ಲಿ, ಯಾವ ಅಲಂಕಾರವೂ ಇಲ್ಲದೆ ಹಾಡುತ್ತ ಹೋಗುತ್ತದೆ. ಮೊಜಾರ್ಟ್ ಗೆಳೆಯರ ಜೊತೆ ಕೂತಾಗ ವಯೋಲ ನುಡಿಸುವುದನ್ನೇ ಇಷ್ಟಪಡುತ್ತಿದ್ದವನು. ರಾಗದ ಎಳೆಯನ್ನು ಹಿಡಿದು ಕೇಳುವ ಅಭ್ಯಾಸವಿರುವ ನಮ್ಮ ಕೇಳುಗರಿಗೆ ಇಲ್ಲಿ ಒಂದು ದಾರಿಯಿದೆ: ಆ ನಡುವಿನ ದನಿಯೊಂದನ್ನೇ ಬೆನ್ನುಹತ್ತಿ, ಉಳಿದೆರಡು ತಾವಾಗಿಯೇ ಕೇಳಿಸುತ್ತವೆ.

ಬೇತೋವನ್ 1798ರ ಹೊತ್ತಿಗೆ ಇದೇ ಮೇಳಕ್ಕೆ ಐದು ಕೃತಿಗಳನ್ನು ಬರೆದು, ಕ್ವಾರ್ಟೆಟ್ ಕಡೆ ಹೊರಳಿ, ಮತ್ತೆ ಈ ಕಡೆ ಬರಲಿಲ್ಲ. ಷೂಬರ್ಟ್ ಒಂದನ್ನು ಅರ್ಧಕ್ಕೇ ಬಿಟ್ಟು 1817ರಲ್ಲಿ ಇನ್ನೊಂದನ್ನು ಪೂರ್ತಿ ಮಾಡಿದ. ಬಾಖ್‌ನ ಗೋಲ್ಡ್‌ಬರ್ಗ್ ವೇರಿಯೇಷನ್ಸ್ ಅನ್ನು ದಿಮಿತ್ರಿ ಸಿಟ್ಕೊವೆಟ್ಸ್ಕಿ 1985ರಲ್ಲಿ ಈ ಮೂರು ವಾದ್ಯಗಳಿಗೆ ಹೊಂದಿಸಿದ ಮೇಲೆ ಟ್ರಿಯೊಗಳಿಗೆ ಒಂದು ಇಡೀ ಸಂಜೆಯ ಕಾರ್ಯಕ್ರಮ ಸಿಕ್ಕಿತು.

ವಾದ್ಯ ಹಿಡಿದ ದೊರೆಗಳು

ಮೂರು ತಂತಿವಾದ್ಯಗಳ ಮೇಳ ಅತಿ ಹೆಚ್ಚು ಬೆಳೆದದ್ದು ಒಬ್ಬ ದೊರೆಯ ಹವ್ಯಾಸದಿಂದ. ಹಂಗೇರಿಯ ಎಸ್ಟರ್‌ಹಾಜಿ ಮನೆತನದ ರಾಜಕುಮಾರ ನಿಕೊಲಾಸ್ ಬ್ಯಾರಿಟನ್ ಎಂಬ ಅಪರೂಪದ ವಾದ್ಯ ನುಡಿಸುತ್ತಿದ್ದ. ಕಮಾನಿನಿಂದ ನುಡಿಸುವ ತಂತಿಗಳ ಹಿಂದೆ, ತಾವೇ ಅನುರಣಿಸುವ ಲೋಹದ ತಂತಿಗಳ ಸಾಲೊಂದು ಅದಕ್ಕಿತ್ತು. ಅವನ್ನು ಹೆಬ್ಬೆರಳಿನಿಂದ ಮೀಟಲೂ ಆಗುತ್ತಿತ್ತು. ದೊರೆಯ ಬಳಿ ಕೆಲಸಕ್ಕಿದ್ದ ಹೈಡನ್ ಅವನಿಗಾಗಿ ಬ್ಯಾರಿಟನ್, ವಯೋಲ, ಚೆಲೊಗಳ ಟ್ರಿಯೊಗಳನ್ನು ಬರೆದದ್ದು ಒಂದೆರಡಲ್ಲ, 120ಕ್ಕೂ ಹೆಚ್ಚು.

ಮೈಸೂರಿನವರಿಗೆ ಈ ಕಥೆ ಹೊಸದೆನಿಸುವುದಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರು ವೀಣೆ, ಪಿಟೀಲು, ಪಿಯಾನೊ, ಸ್ಯಾಕ್ಸೊಫೋನ್ ಸೇರಿ ಎಂಟು ವಾದ್ಯಗಳನ್ನು ಬಲ್ಲವರಾಗಿದ್ದರೆಂಬುದು ಊರಿಗೆಲ್ಲ ತಿಳಿದ ಮಾತು. ಅವರ ಕಾಲದಲ್ಲಿ ವೀಣೆ ಶೇಷಣ್ಣನವರು ವೀಣೆಯ ಜೊತೆಗೆ ಪಿಯಾನೊವನ್ನೂ ಕೈವಶ ಮಾಡಿಕೊಂಡಿದ್ದರು. ಅರಮನೆಯಲ್ಲಿ ಕರ್ನಾಟಕ ಬ್ಯಾಂಡಿನ ಜೊತೆಗೆ ಇಂಗ್ಲಿಷ್ ಬ್ಯಾಂಡೂ ಪಾಶ್ಚಾತ್ಯ ವಾದ್ಯವೃಂದವೂ ಇದ್ದವು. ಜರ್ಮನಿಯ ಒಟ್ಟೊ ಶ್ಮಿಟ್ ಆ ವಾದ್ಯವೃಂದವನ್ನು ಪಳಗಿಸಿದರು. ಪಿಟೀಲು ಚೌಡಯ್ಯನವರು ಗಾಯಕರ ದನಿಗೆ ಸಾಟಿಯಾಗುವಷ್ಟು ನಾದ ಬೇಕೆಂದು ತಮ್ಮ ವಾದ್ಯಕ್ಕೆ ಜೋಡಿ ತಂತಿಗಳನ್ನು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡದ್ದೂ ಇದೇ ಊರಿನಲ್ಲಿ. ಮೈಕಿಲ್ಲದ ಕಾಲದಲ್ಲಿ ದೊಡ್ಡ ಚಪ್ಪರಕ್ಕೆ ಕೇಳಿಸಬೇಕಾಗಿದ್ದ ವಾದ್ಯದ ಪಾಡು ಅದು. ಶೇಷಣ್ಣನವರ ವೀಣೆಗೆ ಆ ಕಷ್ಟವಿರಲಿಲ್ಲ, ಬಲ್ಲವರು ಹತ್ತಿರ ಬಂದು ಕೂರುತ್ತಿದ್ದರು.

ಆದರೆ ನನ್ನನ್ನು ಈ ವಿಷಯಕ್ಕೆ ಎಳೆದು ತಂದವರು ಇವರ್ಯಾರೂ ಅಲ್ಲ. ಲಂಡನ್ನಿನ ಒಂದು ಪುಟ್ಟ ಮನೆಯಲ್ಲಿದ್ದ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ.

ಮೈಸೂರಿನ ಹಣ, ಮೆಟ್ನರ್ ಸಂಗೀತ

ಮೆಟ್ನರ್ ಮಾಸ್ಕೊದಲ್ಲಿ ಹುಟ್ಟಿದ್ದು 1880ರಲ್ಲಿ. ಕ್ರಾಂತಿಯ ನಂತರ 1921ರಲ್ಲಿ ರಷ್ಯಾ ಬಿಟ್ಟು ಜರ್ಮನಿ, ಫ್ರಾನ್ಸ್ ಸುತ್ತಿ ಕೊನೆಗೆ ಇಂಗ್ಲೆಂಡಿಗೆ ಬಂದು ಸೇರಿದರು. ರಖ್ಮಾನಿನೋವ್ ಅವರ ಆಪ್ತ ಗೆಳೆಯ. ತನ್ನ ನಾಲ್ಕನೆಯ ಪಿಯಾನೊ ಕಾನ್ಸರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದ್ದಾತ. ರಖ್ಮಾನಿನೋವ್‌ಗೆ ಸಿಕ್ಕ ಹೆಸರಿನ ಕಾಲುಭಾಗವೂ ಮೆಟ್ನರ್‌ಗೆ ಸಿಗಲಿಲ್ಲ. ಹೊಸ ಕಾಲದ ಸಂಗೀತಕ್ಕೆ ಅವರು ಒಗ್ಗಲಿಲ್ಲ, ಒಗ್ಗಿಕೊಳ್ಳಲು ಒಪ್ಪಲೂ ಇಲ್ಲ. ಯುದ್ಧ ಬಂತು. ಕಾರ್ಯಕ್ರಮಗಳು ನಿಂತವು, ಪಾಠ ಹೇಳಿ ಬರುತ್ತಿದ್ದ ಆದಾಯ ಕುಸಿಯಿತು, 1942ರಲ್ಲಿ ಹೃದಯಾಘಾತವಾಯಿತು. ಅರವತ್ತು ದಾಟಿದ ಆ ಮನುಷ್ಯನ ಸಂಗೀತ ಅವರ ಜೊತೆಗೇ ಮುಗಿದುಹೋಗುವುದರಲ್ಲಿತ್ತು.

ಅದೇ ಹೊತ್ತಿನಲ್ಲಿ ಮೈಸೂರಿನ ಸಿಂಹಾಸನದ ಮೇಲೆ ಇದ್ದವರು ಜಯಚಾಮರಾಜ ಒಡೆಯರು. 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರನ್ನೂ ದೊಡ್ಡಪ್ಪ ನಾಲ್ವಡಿಯವರನ್ನೂ ಕಳೆದುಕೊಂಡು, ಇಪ್ಪತ್ತೊಂದರ ವಯಸ್ಸಿನಲ್ಲಿ ಪಟ್ಟಕ್ಕೆ ಬಂದವರು. ಪಿಯಾನೊ ವಾದಕರಾಗಬೇಕೆಂಬುದು ಅವರ ಎಳೆಯ ಆಸೆ. ರಾಜ್ಯಭಾರ ಅದನ್ನು ಬದಿಗೆ ಸರಿಸಿತು. ಆಸೆ ಮಾತ್ರ ಸಾಯಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪಡೆದರು, 1945ರಲ್ಲಿ ಟ್ರಿನಿಟಿ ಕಾಲೇಜು ಅವರನ್ನು ಗೌರವ ಫೆಲೋ ಮಾಡಿತು. ಅರಮನೆಯಲ್ಲಿ ಅವರು ಕೂಡಿಟ್ಟಿದ್ದ ಗ್ರಾಮೊಫೋನ್ ತಟ್ಟೆಗಳು ಸುಮಾರು 20,000 ಇರಬಹುದೆಂದು ಆ ಕಾಲದ ಅಂದಾಜು. ಆ ತಟ್ಟೆಗಳ ಸಂಗ್ರಹದಲ್ಲಿ ಮೆಟ್ನರ್ ಸಂಗೀತ ಮಹಾರಾಜರಿಗೆ ಬೇಕಾದಷ್ಟು ಸಿಗುತ್ತಿರಲಿಲ್ಲ.

1946ರಲ್ಲಿ ಮಹಾರಾಜರು ಲಂಡನ್ನಿಗೆ ಹೇಳಿ ಕಳುಹಿಸಿದರು: ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ನುಡಿಸಿ ಧ್ವನಿಮುದ್ರಿಸಲಿ, ಖರ್ಚು ಮೈಸೂರಿನದು. ಹೀಗೆ ಹುಟ್ಟಿದ್ದು ಮೆಟ್ನರ್ ಸೊಸೈಟಿ. ಎಚ್‌.ಎಂ.ವಿ. ಕಂಪನಿಯ ಸ್ಟುಡಿಯೋದಲ್ಲಿ, ಹೃದಯದ ಕಾಯಿಲೆಯ ನಡುವೆಯೇ, ಮೆಟ್ನರ್ ಮೂರು ಪಿಯಾನೊ ಕಾನ್ಸರ್ಟೊಗಳನ್ನೂ ಸೊನಾಟಾಗಳನ್ನೂ ನುಡಿಸಿದರು. ಹಾಡುಗಳಿಗೆ ಎಲಿಜಬೆತ್ ಶ್ವಾರ್ಟ್ಸ್‌ಕೋಫ್‌ರಂಥವರು ದನಿಗೂಡಿಸಿದರು. ತಮ್ಮ ಮೂರನೆಯ ಕಾನ್ಸರ್ಟೊವನ್ನು ಮೆಟ್ನರ್ ಮೈಸೂರಿನ ಮಹಾರಾಜರಿಗೆ ಅರ್ಪಿಸಿದರು. ಇಂದಿಗೂ ಜಗತ್ತಿನ ಯಾವ ಮೂಲೆಯಲ್ಲಿ ಆ ಸ್ವರಲಿಪಿಯ ಪುಸ್ತಕ ತೆರೆದರೂ ಮೈಸೂರಿನ ಹೆಸರು ಎದುರಾಗುತ್ತದೆ.

ಕಾನ್ಸರ್ಟೊಗಳ ವಿಚಾರವನ್ನು ಅನೇಕರು ಬರೆದಿದ್ದಾರೆ. ನನ್ನ ಮನಸ್ಸು ನಿಲ್ಲುವುದು ಇನ್ನೊಂದು ಕೃತಿಯ ಮೇಲೆ. ಪಿಯಾನೊ ಮತ್ತು ನಾಲ್ಕು ತಂತಿವಾದ್ಯಗಳ ಒಂದು ಕ್ವಿಂಟೆಟ್. ಮೆಟ್ನರ್ ಅದನ್ನು ಶುರು ಮಾಡಿದ್ದು ಸುಮಾರು 1904ರಲ್ಲಿ, ಮಾಸ್ಕೊದಲ್ಲಿ, ಇಪ್ಪತ್ತರ ಹರೆಯದಲ್ಲಿ. ಮುಗಿಸಿದ್ದು ಬದುಕಿನ ಕೊನೆಗಾಲದಲ್ಲಿ, ಲಂಡನ್ನಿನಲ್ಲಿ. ನಾಲ್ಕು ದಶಕಕ್ಕೂ ಮೀರಿ ಕೈಯಲ್ಲಿಟ್ಟುಕೊಂಡು ತಿದ್ದಿದ, ತಮ್ಮ ಬಾಳಿನ ಸಾರವೆಂದು ಅವರು ನಂಬಿದ್ದ ಕೃತಿ. ಮೂರೇ ಭಾಗಗಳು, ಸುಮಾರು ಇಪ್ಪತ್ತೈದು ನಿಮಿಷ. ರಷ್ಯದ ಚರ್ಚಿನ ಹಾಡುಗಳ ಛಾಯೆ, ಸಾವಿನ ಹಳೆಯ ಸ್ತೋತ್ರದ ಒಂದು ಎಳೆ, ಕೊನೆಗೆ ತೆರೆದ ಬಾಗಿಲಿನಂಥ ಬೆಳಕು. ಈಯೋಲಿಯನ್ ಕ್ವಾರ್ಟೆಟ್‌ನ ನಾಲ್ವರ ಜೊತೆ ಕೂತು ಮೆಟ್ನರ್ ಅದನ್ನೂ ಧ್ವನಿಮುದ್ರಿಸಿದರು. ಕಾಯಿಲೆಯ ಮುದುಕನ ಬೆರಳುಗಳು ಅಲ್ಲಿ ನಡುಗುವುದಿಲ್ಲ. 1951ರ ನವೆಂಬರಿನಲ್ಲಿ ತೀರಿಕೊಂಡರು. ಮೈಸೂರಿನ ಹಣ ಹೋಗದಿದ್ದರೆ ಅವರ ಕೈಯಿಂದಲೇ ಆ ಕ್ವಿಂಟೆಟ್ ಕೇಳುವ ಭಾಗ್ಯ ಲೋಕಕ್ಕೆ ಸಿಗುತ್ತಿರಲಿಲ್ಲ.

ದೊಡ್ಡ ವಾದ್ಯವೃಂದಕ್ಕೆ ಹಣ ಕೊಡುವ ದೊರೆಗಳು ಬೇಕಾದಷ್ಟು ಸಿಗುತ್ತಾರೆ, ಅದರಲ್ಲಿ ವೈಭವವಿದೆ. ಮಹಾರಾಜರು ಅದನ್ನೂ ಮಾಡಿದರು. ಎಚ್‌.ಎಂ.ವಿ.ಯ ವಾಲ್ಟರ್ ಲೆಗ್ 1949ರಲ್ಲಿ ಮೈಸೂರಿಗೆ ಬಂದಾಗ ಅರಮನೆಯ ತಟ್ಟೆಗಳ ಸಂಗ್ರಹ, ಸ್ಪೀಕರುಗಳು, ಒಂದಕ್ಕಿಂತ ಹೆಚ್ಚು ಕಾನ್ಸರ್ಟ್ ಗ್ರ್ಯಾಂಡ್ ಪಿಯಾನೊಗಳನ್ನು ಕಂಡು ಬೆರಗಾದರು. ಅವರ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೂ ಅದರ ಕಾನ್ಸರ್ಟ್ ಸೊಸೈಟಿಗೂ ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಸಿಕ್ಕಿತು. ಫಿಲ್‌ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಜಯಚಾಮರಾಜ ಒಡೆಯರೇ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕೇಳಿಸಿದ್ದು ಅವರು ನೀಡಿದ ಹಣದ ಭರವಸೆಯಿಂದ. ಇವೆಲ್ಲ ದೊಡ್ಡ ಸಂಗತಿಗಳು. ಐದೇ ಜನ ಕೂತು ನುಡಿಸುವ, ಕೇಳುಗರನ್ನು ಸೆಳೆಯಲಾರದ ಒಂದು ಕ್ವಿಂಟೆಟ್‌ಗೂ ಅಷ್ಟೇ ಮನಸ್ಸು ಕೊಟ್ಟರಲ್ಲ, ನನಗೆ ಅದು ಹೆಚ್ಚು ದೊಡ್ಡದಾಗಿ ಕಾಣುತ್ತದೆ.

ಮುಂದೆ ಅವರ ಮನಸ್ಸು ಕರ್ನಾಟಕ ಸಂಗೀತದ ರಚನೆಗೆ ಹೊರಳಿತು. ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನದಲ್ಲಿ ಶ್ರೀವಿದ್ಯಾ ಅಂಕಿತದ 94 ಕೃತಿಗಳು ಬಂದವು. ಅವನ್ನು ನಮ್ಮ ವಿದ್ವಾಂಸರು ಹಾಡುತ್ತ ಉಳಿಸಿಕೊಂಡಿದ್ದಾರೆ. ಸಂಸ್ಥಾನ ವಿಲೀನವಾದ ಮೇಲೆ ಅರಮನೆಯ ಬ್ಯಾಂಡುಗಳ ಪರಂಪರೆ ಪೊಲೀಸ್ ಇಲಾಖೆಗೆ ಬಂತು, ದಸರೆಯಲ್ಲಿ ಅದರ ಕಹಳೆ ಡೋಲು ಇಂದಿಗೂ ಮೊಳಗುತ್ತವೆ. ಬಯಲಿಗೆ ಒಗ್ಗುವ ಊದುವಾದ್ಯಗಳು ಉಳಿದವು. ಕೋಣೆಗೆ ಸೇರಿದ ತಂತಿವಾದ್ಯಗಳು ಕ್ರಮೇಣ ಸುಮ್ಮನಾದವು.

ತಂಗಿಯ ಕೈಗೆ ಬಂದ ದೀಪ

ಮಹಾರಾಜರ ತಂಗಿ ರಾಜಕುಮಾರಿ ವಿಜಯಾದೇವಿ ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆ ಕಲಿತವರು, ಪಿಯಾನೊದಲ್ಲಿ ಟ್ರಿನಿಟಿಯ ಪರೀಕ್ಷೆ ಮುಗಿಸಿದವರು. ಕೋಟ್ಡಾ ಸಂಗಾಣಿಯ ಠಾಕೂರರನ್ನು ಮದುವೆಯಾಗಿ, ಪತಿಯ ಕೆಲಸದ ನಿಮಿತ್ತ ನ್ಯೂಯಾರ್ಕಿಗೆ ಹೋದಾಗ ಜೂಲಿಯಾರ್ಡ್‌ನ ಎಡ್ವರ್ಡ್ ಸ್ಟಾಯರ್‌ಮನ್ ಬಳಿ ಕಲಿತರು. ಸ್ಟಾಯರ್‌ಮನ್ ಷೋನ್‌ಬರ್ಗ್‌ನ ನೇರ ಶಿಷ್ಯ. ಷೋನ್‌ಬರ್ಗ್ 1946ರಲ್ಲಿ ಹೃದಯಾಘಾತದಿಂದ ಬದುಕಿ ಬಂದು ಬರೆದದ್ದು ಒಂದು ಸ್ಟ್ರಿಂಗ್ ಟ್ರಿಯೊವನ್ನೇ. ಅಂಥ ಮನೆತನದ ಪಾಠ ಮೈಸೂರಿನ ಹೆಣ್ಣುಮಗಳೊಬ್ಬರಿಗೆ ದಕ್ಕಿತ್ತು. ಅಣ್ಣ ತೀರಿಕೊಂಡ 1974ರಲ್ಲೇ ಅವರು ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿ ಕಟ್ಟಿದರು. ನಮ್ಮ ವಿದ್ವಾಂಸರನ್ನೂ ಹೊರದೇಶದ ಚೇಂಬರ್ ಕಲಾವಿದರನ್ನೂ ಒಂದೇ ವೇದಿಕೆಗೆ ತಂದರು. 2005ರಲ್ಲಿ ಅವರು ಹೋದರು. ಅವರ ಸೊಸೈಟಿ ಬೆಂಗಳೂರಿನ ಕೇಳುಗರಿಗೆ ಒಂದು ಅಭ್ಯಾಸವನ್ನು ಉಳಿಸಿಕೊಟ್ಟಿದೆ.

ಮೈಸೂರಿಗೆ ಬೇಕಾಗಿರುವುದು ಆ ಅಭ್ಯಾಸ. ನಮ್ಮ ಮಕ್ಕಳು ಕೀಬೋರ್ಡು, ಗಿಟಾರು, ಪಿಟೀಲು ಕಲಿತು ಗ್ರೇಡ್ ಪರೀಕ್ಷೆ ಕಟ್ಟುತ್ತಾರೆ. ವಯೋಲ ಕಲಿಯುತ್ತೇನೆಂದು ಹಟ ಹಿಡಿಯುವ ಮಗು ಅಪರೂಪ, ಕಲಿಸುವವರು ಇನ್ನೂ ಅಪರೂಪ. ಚೆಲೊ ಸಾಗಿಸುವುದೇ ಒಂದು ಸಾಹಸ, ವಿಮಾನದಲ್ಲಿ ಅದಕ್ಕೆಂದೇ ಒಂದು ಸೀಟು ಕೊಳ್ಳಬೇಕು. ಬಿರುಬೇಸಗೆಗೆ ವಾದ್ಯದ ಅಂಟು ಬಿಡುತ್ತದೆ, ಬಿರಡೆ ಜಾರುತ್ತದೆ. ಮಳೆಗಾಲಕ್ಕೆ ಅದೇ ಬಿರಡೆ ಬಿಗಿದುಕೊಂಡು ತಿರುಗುವುದಿಲ್ಲ. ಕಮಾನಿಗೆ ಕುದುರೆ ಬಾಲದ ಕೂದಲು ಹೊಸದಾಗಿ ಕಟ್ಟಿಸಬೇಕು. ಒಡಲೊಳಗೆ ನಿಲ್ಲಿಸಿದ ಪುಟ್ಟ ಮರದ ಕಡ್ಡಿ ಒಂದು ಕೂದಲೆಳೆ ಸರಿದರೂ ದನಿ ಬದಲಾಗುತ್ತದೆ, ಅದನ್ನು ಸರಿ ಮಾಡಬಲ್ಲ ಕೈಗಳು ಕಡಿಮೆ. ಇಷ್ಟೆಲ್ಲ ಮಾಡಿ ಬಂದ ಮೂವರನ್ನು ಐನೂರು ಕುರ್ಚಿಯ ಸಭಾಂಗಣದಲ್ಲಿ ಕೂರಿಸಿ, ಮುಂದೆ ಮೈಕು ನಿಲ್ಲಿಸಿದರೆ, ಕೇಳಿಸುವುದು ಸ್ಪೀಕರಿನ ದನಿ. ಮೂರು ದನಿಗಳ ನಡುವಿನ ಜಾಗ ಅಳಿಸಿಹೋಗುತ್ತದೆ.

ಅದಕ್ಕೇ ಹಜಾರದ ಮಾತು ಎತ್ತಿದೆ. ಕೃಷ್ಣಮೂರ್ತಿಪುರಂನಲ್ಲಿ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಆಸ್ತಿ ಪಾಲಾಗುತ್ತದೆ, ಮಕ್ಕಳು ದೂರದೂರಿನಲ್ಲಿರುತ್ತಾರೆ, ಹೆಂಚು ಬದಲಾಯಿಸುವ ಖರ್ಚು ನಿವೃತ್ತ ಮೇಷ್ಟ್ರ ಪಿಂಚಣಿಗೆ ಎಟುಕುವುದಿಲ್ಲ. ಮನೆ ಮಾರಿದವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಅರಮನೆ, ಮಾರುಕಟ್ಟೆ, ಕಾಲೇಜುಗಳ ಕಟ್ಟಡಗಳನ್ನು ಪರಂಪರೆಯೆಂದು ಪಟ್ಟಿ ಮಾಡುವ ನಾವು ಮಧ್ಯಮ ವರ್ಗದವರ ಒಂದು ಹಜಾರವನ್ನು ಪರಂಪರೆಯೆಂದು ಎಣಿಸುವುದಿಲ್ಲ. ಈ ಊರಿನ ಕಿವಿ ಪಳಗಿದ್ದು ಅಲ್ಲೇ. ಹತ್ತಾರು ಹಜಾರಗಳನ್ನು ಉಳಿಸುವುದು ಆಗದಿದ್ದರೆ ಒಂದನ್ನಾದರೂ ಉಳಿಸಬಹುದು. ತಿಂಗಳಿಗೊಂದು ಸಂಜೆ, ಒಮ್ಮೆ ವೀಣೆ, ಒಮ್ಮೆ ಪಿಟೀಲುಗಳ ಜೋಡಿ, ಒಮ್ಮೆ ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದ ಮೂವರು ಹುಡುಗ ಹುಡುಗಿಯರು ನುಡಿಸುವ ಮೊಜಾರ್ಟ್. ಮೂವತ್ತು ಚಾಪೆ ಮಣೆ ಇದ್ದರೆ ಸಾಕು, ರಾಜರ ಬೊಕ್ಕಸ ಬೇಕಿಲ್ಲ.

ಅಲ್ಲಿ ಒಂದು ಸಂಜೆ ಮೆಟ್ನರ್‌ನ ಕ್ವಿಂಟೆಟ್ ಕೇಳಬೇಕೆಂಬುದು ನನ್ನ ಆಸೆ. ನಾಲ್ಕು ತಂತಿವಾದ್ಯ, ಒಂದು ಪಿಯಾನೊ, ಇಪ್ಪತ್ತೈದು ನಿಮಿಷ. ಆ ಕೃತಿಯ ಧ್ವನಿಮುದ್ರಣಕ್ಕೆ ಹಣ ಕೊಟ್ಟದ್ದು ನಮ್ಮ ಊರು. ಅದನ್ನು ಕೂತು ಕೇಳುವ ಹೊತ್ತು ಬರುವಾಗ ಕೂರಲು ಹಜಾರ ಉಳಿದಿರುತ್ತದೋ ಇಲ್ಲವೋ, ಅದೊಂದೇ ಚಿಂತೆ.